ಆಯಿಯ ನಲವತ್ತೈದು ದಿನ

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೊರಡುವ ಮುಂಜಾನೆಯ ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಆಸನ ಹಿಡಿದು ಕುಳಿತ ಅಜ್ಜಿಯ ಕಾಲ ಬಳಿ ಮೂರು ಗಂಟುಗಳಿದ್ದವು. ಮೊದಲನೆಯದರಲ್ಲಿ ಬಿಳಿಜೋಳದ ಹಿಟ್ಟು. ಎರಡನೆಯದರಲ್ಲಿ ಅಂಟು, ಕೊಬ್ಬರಿ, ಉತ್ತತ್ತಿ, ಆಳವಿ, ಅಜವಾನ, ಬೆಲ್ಲ. ಮೂರನೆಯದರಲ್ಲಿ ಹಳೆಯ ಇಳಕಲ್ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿದ ಒಂದು ಪುಟ್ಟ ಕೌದಿ, ಎರಡು ಕುಂಚಿಗೆ. ಸೊಲ್ಲಾಪುರದಲ್ಲಿ ಮಗಳಿಗೆ ಎರಡನೆಯ ಹೆರಿಗೆಯಾಗಿ ಮೂರು ದಿನ ಕಳೆದಿತ್ತು. ಹೆಣ್ಣುಕೂಸು. ಚೊಚ್ಚಲ ಹೆರಿಗೆ ರೂಢಿಯಂತೆ ತವರಿನಲ್ಲಿ ಆಗಿತ್ತು. ಎರಡನೆಯದಕ್ಕೆ ಮಗಳು ಬರುವ ಬದಲು ತವರೇ ಗಂಟು ಕಟ್ಟಿಕೊಂಡು ಹೊರಟಿತ್ತು.

ಕಂಡಕ್ಟರನು ಅರ್ಧ ತಿಕೀಟು ಹರಿದು ಕೊಟ್ಟಾಗ ಅಜ್ಜಿಯ ಮುಖದಲ್ಲಿ ಮೂಡಿದ ಸಂತೋಷ ಉಳಿದ ರೊಕ್ಕದ್ದಷ್ಟೇ ಅಲ್ಲ. ಮಹಾರಾಷ್ಟ್ರ ಸರಕಾರವು 2023ರ ಮಾರ್ಚಿನಲ್ಲಿ ಎಸ್.ಟಿ. ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರ ಮಾಡಿದಂದಿನಿಂದ, ತನ್ನ ಪ್ರಯಾಣದ ಖರ್ಚಿಗೆ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲವೆಂಬುದು ಆಕೆಯ ನೆಮ್ಮದಿ. ಆದರೆ ಈ ನೆಮ್ಮದಿಗೂ ಒಂದು ಕೊರಗಿದೆ. ಆಕೆಯ ತಂಗಿಯನ್ನು ಕೊಟ್ಟದ್ದು ಅಫಜಲಪುರಕ್ಕೆ. ಅದೇ ವರ್ಷದ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ತಂಗಿಗೆ ಇಡೀ ತಿಕೀಟೇ ಮಾಫಿಯಾಯಿತು. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಕಲಿತ ಇಬ್ಬರಲ್ಲಿ ಒಬ್ಬಳಿಗೆ ಪೂರ್ಣ ಮಾಫಿ, ಇನ್ನೊಬ್ಬಳಿಗೆ ಅರ್ಧ. ಗಡಿ ಎಂದರೇನು ಎಂದು ಕೇಳಿದರೆ ಅಜ್ಜಿ ಕೊಡುವ ವ್ಯಾಖ್ಯೆ ಇಷ್ಟೇ: "ಆಕಿಗಿ ಪುಕ್ಕಟ, ನನಗ ಅರ್ಧಾ."

ಬಸ್ಸು ವಳಸಂಗ ದಾಟಿ, ಕುಂಭಾರಿ ದಾಟಿ, ನಗರದ ಧೂಳು ಕಾಣುವ ಹೊತ್ತಿಗೆ ಅಜ್ಜಿ ಅಕ್ಕಪಕ್ಕದ ನಾಲ್ವರಿಗೆ ಮೊಮ್ಮಗಳ ತೂಕ ಹೇಳಿ ಮುಗಿಸಿದ್ದಳು. ಇಬ್ಬರಿಗೆ ಕನ್ನಡದಲ್ಲಿ, ಇಬ್ಬರಿಗೆ ಮರಾಠಿಯಲ್ಲಿ.

ಆಕೆ 1961ರಲ್ಲಿ ಹುಟ್ಟಿದವಳು; ಮಹಾರಾಷ್ಟ್ರ ರಾಜ್ಯಕ್ಕಿಂತ ಒಂದು ವರ್ಷ ಚಿಕ್ಕವಳು. ಮೊಮ್ಮಗನಿಗೆ ಆಕೆ 'ಆಯಿ'. ಅಕ್ಕಲಕೋಟೆ, ವಿಜಯಪುರ, ಕಲಬುರಗಿಯ ಕಡೆ ಅಜ್ಜನು ಮುತ್ಯಾ, ಅಜ್ಜಿಯು ಆಯಿ. ಆದರೆ ಮಗಳ ಮನೆಯ ಎದುರು ಬಾಗಿಲಿನ ಮರಾಠಿ ಮನೆಯಲ್ಲಿ ಆಯಿ ಎಂದರೆ ಹೆತ್ತ ತಾಯಿ. ಆರು ವರ್ಷದ ಮೊಮ್ಮಗ ಓಣಿಯಲ್ಲಿ ನಿಂತು "ಆಯಿ" ಎಂದು ಕೂಗಿದರೆ ಎರಡು ಬಾಗಿಲು ತೆರೆಯುತ್ತವೆ. ಎದುರು ಮನೆಯಾಕೆ ತನ್ನ ಮಗನೇ ಕರೆದನೆಂದು ಬರುತ್ತಾಳೆ. ಅಜ್ಜಿ ತನ್ನನ್ನೇ ಕರೆದನೆಂದು ಬರುತ್ತಾಳೆ. ಇಬ್ಬರೂ ನಗುತ್ತಾ ಅಲ್ಲೇ ಹೊಸ್ತಿಲ ಮೇಲೆ ಕುಳಿತರೆ ಅರ್ಧ ತಾಸು ಮಾತು. ಮೊಮ್ಮಕ್ಕಳೆಂದರೆ ಹಾಲಿನ ಮೇಲಿನ ಕೆನೆ ಎಂದು ಆಕೆ ಮರಾಠಿಯಲ್ಲಿ ಹೇಳಿದರೆ, ಅಸಲಿಗಿಂತ ಬಡ್ಡಿಯ ಮೇಲೆಯೇ ಜೀವ ಹೆಚ್ಚು ಎಂದು ಅಜ್ಜಿ ಕನ್ನಡದ ಮಾತನ್ನು ಮರಾಠಿಗೆ ತಿರುಗಿಸಿ ಹೇಳುತ್ತಾಳೆ.

ಬಾಣಂತನವನ್ನು ದುಡಿಮೆಯೆಂದು ಲೆಕ್ಕ ಹಾಕುವವರುಂಟು. ಅದು ಸುಳ್ಳೂ ಅಲ್ಲ. ನಸುಕಿನ ನಾಲ್ಕೂವರೆಗೆ ಏಳುವುದು, ನೀರು ಕಾಯಿಸುವುದು, ಬಾಣಂತಿಗೆ ಎರೆಯುವುದು, ಕೂಸಿನ ಬಟ್ಟೆ ಒಗೆಯುವುದು, ರಾತ್ರಿ ಮೂರು ಸಲ ಏಳುವುದು. ಆದರೆ ಅಜ್ಜಿಯ ಲೆಕ್ಕದ ಪುಸ್ತಕವೇ ಬೇರೆ. ಅದರಲ್ಲಿ ಜಮೆಯ ಪುಟಗಳೇ ಹೆಚ್ಚು.

ಮೊದಲ ಜಮೆ ನಸುಕಿನ ಚಹಾ. ಹಳ್ಳಿಯ ಮನೆಯಲ್ಲಿ ಚಹಾ ಎಂದರೆ ಎಮ್ಮೆ ಹಿಂಡಿ, ಅಂಗಳ ಬಳಿದು, ಮುತ್ಯಾನಿಗೆ ಕೊಟ್ಟ ಮೇಲೆ ಉಳಿದದ್ದು. ಇಲ್ಲಿ ಎಮ್ಮೆಯಿಲ್ಲ, ಅಂಗಳವಿಲ್ಲ, ಮುತ್ಯಾನೂ ಇಲ್ಲ. ಅಡುಗೆಮನೆಯ ಕಿಟಕಿಯ ಬಳಿ ಒಬ್ಬಳೇ ನಿಂತು, ಬಶಿಗೆ ಸುರುವಿಕೊಂಡು, ಊದಿ ಊದಿ ಕುಡಿಯುವ ಆ ಹತ್ತು ನಿಮಿಷ ಪೂರ್ತಿಯಾಗಿ ಆಕೆಯದು. ನಲವತ್ತು ವರ್ಷದ ಸಂಸಾರದಲ್ಲಿ ಬಿಸಿಯಾಗಿರುವಾಗಲೇ ಕುಡಿದು ಮುಗಿಸಿದ ಚಹಾಗಳನ್ನು ಬೆರಳ ಮೇಲೆ ಎಣಿಸಬಹುದೆಂದು ಆಕೆ ಮಗಳಿಗೆ ಹೇಳಿದ್ದುಂಟು.

ಎರಡನೆಯದು ನೀರು ಬರುವ ದಿನ. ಸೊಲ್ಲಾಪುರದಲ್ಲಿ ನಲ್ಲಿಯ ನೀರು ದಿನವೂ ಬರುವುದಿಲ್ಲ. ಕೆಲವು ದಿನಗಳಿಗೊಮ್ಮೆ ಬಂದಾಗ ಓಣಿಯೇ ಜಾತ್ರೆಯಾಗುತ್ತದೆ. ನಗರದವರಿಗೆ ಅದು ಗೋಳು. ಅಜ್ಜಿಗೆ ಅದು ಊರನ್ನು ಪರಿಚಯ ಮಾಡಿಕೊಳ್ಳುವ ಹೊತ್ತು. ಮೇಲಿನ ಮಹಡಿಯ ಪದ್ಮಶಾಲಿ ಮುದುಕಿ ತೆಲುಗಿನಲ್ಲಿ ಹೇಳಿದ್ದನ್ನು ಈಕೆ ಕನ್ನಡದಲ್ಲಿ ತಿಳಿದುಕೊಂಡು ಮರಾಠಿಯಲ್ಲಿ ಉತ್ತರಿಸುತ್ತಾಳೆ. ತುಂಬಿದ ಕೊಡಗಳ ಸಾಲನ್ನು ನೋಡುವಾಗ ಸುಗ್ಗಿಯ ರಾಶಿಯನ್ನು ಕಂಡಷ್ಟು ತೃಪ್ತಿ ಆಕೆಗೆ.

ಮೂರನೆಯದು ರೊಟ್ಟಿ. ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿರುವುದು ಅಜ್ಜಿಗೆ ಗೊತ್ತಿಲ್ಲ; ಗೊತ್ತಾದರೂ ತನ್ನ ಹೊಲದ ಜೋಳಕ್ಕಿಂತ ಅದು ಮೇಲೆಂದು ಆಕೆ ಒಪ್ಪಲಾರಳು. ಚಪಾತಿಗೆ ಒಗ್ಗಿಹೋದ ಆ ಮನೆಯಲ್ಲಿ ಮುಂಜಾನೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದೊಡನೆ ಮೊಮ್ಮಗ ಓಡಿಬಂದು ಪಕ್ಕದಲ್ಲಿ ಕೂಡುತ್ತಾನೆ. ಅವನಿಗೊಂದು ಅಂಗೈಯಗಲದ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ, ಒಂದು ತೊಟ್ಟು ಎಣ್ಣೆ. ಶಾಲೆಯ ಡಬ್ಬಿಯಲ್ಲಿ ಹೋಗದ ಈ ತಿಂಡಿ ಅವರಿಬ್ಬರ ಗುಟ್ಟು.

ನಾಲ್ಕನೆಯದು ಪೇಟೆ. ಸಬ್ಬಸಿಗೆ ಸೊಪ್ಪು ತರಲು ಹೋದವಳು ಒಂದು ತಾಸಾದರೂ ತಿರುಗಿ ಬಾರದಿದ್ದಾಗ ಮಗಳಿಗೆ ಗಾಬರಿಯಾಯಿತು. ಆದದ್ದು ಇಷ್ಟೇ: ಕಾಯಿಪಲ್ಯದ ಬುಟ್ಟಿಯ ಮುಂದೆ ಕುಳಿತಿದ್ದವಳು ಮೈಂದರ್ಗಿಯವಳು. ಮೈಂದರ್ಗಿಯವಳೆಂದ ಮೇಲೆ ದುಧನಿಯಲ್ಲಿ ಬಳಗವಿರಬೇಕು. ದುಧನಿಯಲ್ಲಿ ಬಳಗವಿದ್ದ ಮೇಲೆ ಅಜ್ಜಿಯ ನಾದಿನಿಯನ್ನು ಬಲ್ಲವರಿರಬೇಕು. ಇದ್ದರು. ಸೊಪ್ಪಿನ ಜೊತೆಗೆ ಕೊತ್ತಂಬರಿ ಪುಕ್ಕಟೆಯಾಗಿ ಬಂತು. ಹತ್ತು ಲಕ್ಷ ಜನರ ಈ ನಗರದಲ್ಲಿ ತನಗೂ ಒಂದು ಊರಿದೆ ಎಂಬ ಸಂಗತಿ ಮಾತ್ರ ತೂಕಕ್ಕೆ ಸಿಗದ ಜಮೆ.

ಸಂಜೆ ಏಳಕ್ಕೆ ಹಳ್ಳಿಯಿಂದ ಮುತ್ಯಾನ ಫೋನು. ಮೊದಲು ಕೂಸಿನ ಕ್ಷೇಮ, ಆಮೇಲೆ ಉಪ್ಪಿನಕಾಯಿಯ ಭರಣಿ ಎಲ್ಲಿದೆಯೆಂಬ ಪ್ರಶ್ನೆ. ಒಂದು ದಿನ ಭರಣಿ, ಇನ್ನೊಂದು ದಿನ ಬೆಂಕಿಪೊಟ್ಟಣ, ಮತ್ತೊಂದು ದಿನ ಎಮ್ಮೆ ಹಾಲು ಕೊಡುತ್ತಿಲ್ಲವೆಂಬ ದೂರು. ತಾನಿಲ್ಲದೆ ಮನೆ ನಡೆಯುತ್ತಿಲ್ಲವೆಂಬುದನ್ನು ಕೇಳಿ ಅಜ್ಜಿ ಬೈಯುತ್ತಾಳೆ. ಬೈದು ಫೋನಿಟ್ಟ ಮೇಲೆ ಬಹಳ ಹೊತ್ತು ನಗುಮುಖದಲ್ಲಿರುತ್ತಾಳೆ.

ಎಲ್ಲವೂ ಆಕೆಯ ಮನಸ್ಸಿನಂತೆಯೇ ನಡೆಯಿತೆಂದಲ್ಲ. ಗಂಟಿನಲ್ಲಿ ಬಂದಿದ್ದ ಗುಟ್ಟಿಯ ಬೇರುಗಳು, ತೇಯುವ ಸಾಣೆಕಲ್ಲು ಹಾಗೆಯೇ ಉಳಿದವು. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ, ನೀರು ಕೂಡ ಬೇಡ ಎಂಬುದು ವೈದ್ಯರ ಮಾತು. ಜಗತ್ತಿನ ಆರೋಗ್ಯ ಸಂಸ್ಥೆಗಳೂ ಅದನ್ನೇ ಹೇಳುತ್ತವೆ. ಜೇನುತುಪ್ಪದಲ್ಲಿ ಇರಬಹುದಾದ ಒಂದು ರೋಗಾಣು ವರ್ಷದೊಳಗಿನ ಕೂಸಿಗೆ ಪ್ರಾಣಾಪಾಯ ತರಬಲ್ಲದಾದ್ದರಿಂದ, ನಾಲಗೆಗೆ ಜೇನು ತಾಕಿಸುವ ರೂಢಿಯನ್ನೂ ಬಿಡಬೇಕಾಯಿತು. ಲೋಬಾನದ ಹೊಗೆ ಕೂಸಿನ ಎಳೆಯ ಪುಪ್ಪುಸಕ್ಕೆ ಒಳ್ಳೆಯದಲ್ಲವೆಂದು ಹೊಗೆಯೂ ನಿಂತಿತು. ಅಜ್ಜಿ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಮೂರನೆಯ ದಿನ ಮಗಳಿಗೆ ಹೇಳಿದಳು: "ನಾ ಹಡದದ್ದು ಐದು, ಉಳದದ್ದು ಮೂರು. ಡಾಕ್ಟರ್ ಹೇಳಿದ್ದ ಕೇಳೂಣು, ಯವ್ವಾ." ಮಗಳಿಗೆ ಆ ಇಬ್ಬರ ವಿಷಯ ಗೊತ್ತಿತ್ತು, ಆದರೆ ತಾಯಿಯ ಬಾಯಿಂದ ಅದನ್ನು ಕೇಳಿದ್ದು ಅದೇ ಮೊದಲು. ಮುಂದೆ ಆ ಮಾತು ಬೆಳೆಯಲಿಲ್ಲ. ಎಣ್ಣೆ ಸವರಿ ಎರೆಯುವುದಕ್ಕೂ ಕೌದಿಗೂ ವೈದ್ಯರು ಅಡ್ಡಿ ಹೇಳಲಿಲ್ಲ. ಅಜ್ಜಿಗೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಸಂಕ್ರಾಂತಿಯ ಹೊತ್ತಿನ ಗಡ್ಡಾ ಜಾತ್ರೆ ಬಂತು. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಅವರು ಸ್ಥಾಪಿಸಿದರೆಂದು ನಂಬಲಾದ 68 ಲಿಂಗಗಳಿಗೆ ಜಾತ್ರೆಯ ಆರಂಭದಲ್ಲಿ ಎಣ್ಣೆ ಎರೆಯುತ್ತಾರೆ. ಸೊಲ್ಲಾಪುರದ ಮರಾಠಿ ದಿನಪತ್ರಿಕೆಗಳು ಈ ವಿಧಿಯನ್ನು ಇಂದಿಗೂ 'ಯಣ್ಣೀಮಜ್ಜನ' ಎಂದೇ ಬರೆಯುತ್ತವೆ. ಕನ್ನಡದ ಎಣ್ಣೆಮಜ್ಜನವೇ ಅದು. ಮರಾಠಿ ಓದುಗರು ಅದನ್ನು ಪರಭಾಷೆಯ ಪದವೆಂದು ಎಣಿಸುವುದಿಲ್ಲ. ತಮ್ಮ ಜಾತ್ರೆಯ ಪದವೆಂದೇ ಎಣಿಸುತ್ತಾರೆ. ಅಳಿಯನು ಅಂದಿನ ಪತ್ರಿಕೆಯ ಆ ತಲೆಬರಹವನ್ನು ಗಟ್ಟಿಯಾಗಿ ಓದಿದಾಗ, ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಕೂಸನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡಿದ್ದ ಅಜ್ಜಿ ಅಲ್ಲಿಂದಲೇ ಕೂಗಿದಳು: "ಇಲ್ಲೂ ಅದ ನಡದದ, ಬಂದ ನೋಡ್ರಿ!"

ಅಕ್ಷತೆಯ ದಿನ ಎದುರು ಮನೆಯಾಕೆಯೊಡನೆ ಅಜ್ಜಿ ಕೆರೆಯ ದಂಡೆಗೆ ಹೋದಳು. ಏಳು ನಂದಿಕೋಲುಗಳು, ಬಿಳಿ ಬಟ್ಟೆಯ ಜನಸಾಗರ, ಸಿದ್ಧರಾಮರ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ನಡೆಯುವ ಸಾಂಕೇತಿಕ ವಿವಾಹ. ಗಾಳಿಯಲ್ಲಿ ಹಾರಿ ಬಂದ ಅಕ್ಷತೆಯಲ್ಲಿ ನಾಲ್ಕು ಕಾಳನ್ನು ಸೆರಗಿನಲ್ಲಿ ಹಿಡಿದು ತಂದು, ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ತೊಟ್ಟಿಲ ಹಗ್ಗಕ್ಕೆ ಬಿಗಿದಳು.

ಆ ತೊಟ್ಟಿಲ ಬಳಿಯೇ ಮನೆಯ ನಿಜವಾದ ಪ್ರಶ್ನೆ ಎದ್ದಿತು.

ಅಳಿಯನ ಮನೆತನದ್ದು ಕನ್ನಡವೇ. ಅವನ ಅಜ್ಜ ಗಿರಣಿಯ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಬಂದವನು. ತಂದೆ ಮರಾಠಿ ಶಾಲೆಯಲ್ಲಿ ಓದಿದ. ಅಳಿಯನಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಅಲ್ಲಲ್ಲಿ ತಡೆಯುತ್ತದೆ, ಓದಲು ಬರುವುದಿಲ್ಲ. ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದಾನೆ. ಹುಡುಗನು ಮಾತಿನಲ್ಲಿ ಹಿಂದೆ ಬಿದ್ದಿದ್ದಾನೆ, ಮನೆಯಲ್ಲಿ ಒಂದೇ ಭಾಷೆ ಇರಲಿ ಎಂದು ಶಾಲೆಯಿಂದ ಸೂಚನೆ ಬಂದಿತ್ತು. ಒಂದು ರಾತ್ರಿ ಅಜ್ಜಿ ತೊಟ್ಟಿಲು ತೂಗುತ್ತಾ ಹಾಡುತ್ತಿದ್ದಾಗ ಅಳಿಯನು ಬಹಳ ಸಂಕೋಚದಿಂದ ಹೇಳಿದ: "ಅತ್ತಿಯವರ, ತಪ್ಪ ತಿಳಕೋಬ್ಯಾಡ್ರಿ. ಕೂಸಿಗಿ ಮೊದಲಿಂದನ ಒಂದ ಭಾಷಾ ಕೇಳಿಸಿದ್ರ ಛಲೋ ಅಂತಾರ. ಗೊಂದಲ ಆಗಬಾರದು."

ಅಜ್ಜಿ ಏನೂ ಅನ್ನಲಿಲ್ಲ. ಅಂದಿನಿಂದ ಹಾಡಿನ ಧಾಟಿ ಮಾತ್ರ ಉಳಿಯಿತು, ಪದಗಳು ಹೋದವು. ತುಟಿ ಮುಚ್ಚಿ ಗುನುಗುತ್ತಾ ತೊಟ್ಟಿಲು ತೂಗುವ ಆಕೆಯನ್ನು ನೋಡಿ ಮೊಮ್ಮಗ ಕೇಳಿದ: "ಆಯಿ, ಹಾಡ ಮರತಿ ಏನು?" ಆಕೆ ಹೌದೆಂದು ತಲೆಯಾಡಿಸಿದಳು. ಅಂದು ಆಕೆಯ ಚಹಾ ಬಶಿಯಲ್ಲಿಯೇ ಆರಿತು.

ಈ ಪ್ರಶ್ನೆಯಲ್ಲಿ ಕಾನೂನು ಅಜ್ಜಿಯ ಪಕ್ಷ ವಹಿಸುವುದಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಅಕ್ಕಲಕೋಟೆ ತಾಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿಗೆ ಆ ವಿಧಿಯ ನೆರಳಿದೆ. ಆದರೆ ಮಗುವಿನ ಮಾತೃಭಾಷೆ ಯಾವುದು? ಕರ್ನಾಟಕದ ಭಾಷಾನೀತಿಯ ಪ್ರಕರಣದಲ್ಲಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಇದಕ್ಕೆ ಉತ್ತರ ಕೊಟ್ಟಿದೆ: ಅದನ್ನು ನಿರ್ಧರಿಸುವವರು ತಂದೆತಾಯಿಗಳು ಅಥವಾ ಪೋಷಕರು, ಸರಕಾರವಲ್ಲ. ತೀರ್ಪಿನಲ್ಲಿ ಅಜ್ಜಿಗೆ ಮತವಿಲ್ಲ. ಆಕೆಗೆ ಇರುವುದು ತೊಟ್ಟಿಲ ಹಗ್ಗ ಮಾತ್ರ, ಅದೂ ಬಾಣಂತನ ಮುಗಿಯುವವರೆಗೆ.

ಶಾಸ್ತ್ರವು ಮಾತ್ರ ಅಜ್ಜಿಯ ಕಡೆಗಿದೆ. ಹುಟ್ಟಿದ ಮೂರು ದಿನದೊಳಗಿನ ಕೂಸುಗಳು ಬೇರೆ ಹೆಣ್ಣಿನ ಧ್ವನಿಗಿಂತ ತಮ್ಮ ತಾಯಿಯ ಧ್ವನಿಯನ್ನೇ ಬಯಸುತ್ತವೆ ಎಂಬುದನ್ನು ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ಪ್ರಯೋಗದಿಂದ ತೋರಿಸಿದರು. ಗರ್ಭದಲ್ಲಿರುವಾಗಲೇ ಕೂಸಿನ ಕಿವಿ ತೆರೆದಿರುತ್ತದೆ. ಎರಡು ಭಾಷೆಗಳ ನಡುವೆ ಬೆಳೆದ ಮಾತ್ರಕ್ಕೆ ಮಗು ಮಾತಿನಲ್ಲಿ ಹಿಂದೆ ಬೀಳುವುದಿಲ್ಲವೆಂಬುದು ನಂತರದ ಸಂಶೋಧನೆಗಳ ಸಾರ. ಸೊಲ್ಲಾಪುರಕ್ಕೆ ಈ ಸಂಗತಿ ಹೊಸದೂ ಅಲ್ಲ. 1912ರಲ್ಲಿ ಇಲ್ಲಿಯೇ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಅವರೇ ಮುಂದೆ ಸಿದ್ಧರಾಮರ ಚರಿತ್ರೆಯನ್ನು ಕನ್ನಡ ತ್ರಿಪದಿಯಲ್ಲಿ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ತ್ರಿಪದಿಯಾದರೋ ಮೂಲತಃ ಬೀಸುವ ಕಲ್ಲಿನ, ತೂಗುವ ತೊಟ್ಟಿಲಿನ ಸೊತ್ತು. ಭೀಮೆಯ ಆಚೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ್ದು ಇಂಥ ಅಜ್ಜಿಯರ ಹಾಡುಗಳನ್ನೇ.

ಆರು ವಾರ ತುಂಬಿದಾಗ ಲಸಿಕೆಗೆಂದು ಕೂಸನ್ನು ಕರೆದೊಯ್ದರು. ಚುಚ್ಚುಮದ್ದಿಗೆ ಚೀರಿದ ಕೂಸನ್ನು ಅಜ್ಜಿ ಎತ್ತಿಕೊಂಡು ಅಡ್ಡಾಡತೊಡಗಿದಳು. ಗಾಬರಿಯಲ್ಲಿ ಪದಗಳನ್ನು ಬಿಡಬೇಕೆಂಬುದು ಮರೆತುಹೋಯಿತು. ಹಾಡು ಪೂರ್ತಿಯಾಗಿ ಬಂತು. ಕೂಸು ಸುಮ್ಮನಾಯಿತು. ಅಳಿಯನು ವೈದ್ಯರಿಗೆ ತನ್ನ ಸಂಶಯವನ್ನು ಮುಂದಿಟ್ಟ. ಮರಾಠಿಯವರಾದ ಆ ವೈದ್ಯರು ಹೇಳಿದ್ದು ಎರಡೇ ಮಾತು: ಎಷ್ಟು ಭಾಷೆ ಬರುತ್ತವೆಯೋ ಅಷ್ಟರಲ್ಲೂ ಮಾತಾಡಿರಿ, ಮಾತಾಡದೆ ಫೋನು ಕೈಗೆ ಕೊಟ್ಟು ಕೂಡಿಸಬೇಡಿರಿ. ದೊಡ್ಡ ಹುಡುಗನ ಮಾತು ತಡವಾಗಿದ್ದರೆ ಮೊದಲು ಅವನ ಕಿವಿ ತೋರಿಸಿರಿ, ಅಜ್ಜಿಯ ಹಾಡನ್ನು ನಿಲ್ಲಿಸಬೇಡಿರಿ.

ಅಳಿಯನು ದಾರಿಯುದ್ದಕ್ಕೂ ಮಾತಾಡಲಿಲ್ಲ. ಆ ರಾತ್ರಿ ಊಟವಾದ ಮೇಲೆ ತೊಟ್ಟಿಲ ಬಳಿ ಬಂದು ನಿಂತು ಕೇಳಿದ: "ಅತ್ತಿಯವರ, ಆ ಹಾಡ ನಮ್ಮವ್ವನೂ ಹಾಡತಿದ್ಲು. ಮುಂದಿನ ನುಡಿ ಹ್ಯಾಂಗದ?" ಅವನ ತಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಜ್ಜಿ ಮುಂದಿನ ನುಡಿ ಹೇಳಿಕೊಟ್ಟಳು. ಅವನು ತಡವರಿಸುತ್ತಾ ಹೇಳಿದ. ಮೊಮ್ಮಗ ಅವನನ್ನು ತಿದ್ದಿದ.

ಇನ್ನೊಂದು ಕೆಲಸ ಉಳಿದಿತ್ತು. ಜನನದ ನೋಂದಣಿಯಾಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಇಂಥ ಮನೆಗಳು ತಿಳಿದಿರಬೇಕಾದದ್ದು ಇಷ್ಟು: ಜನನವನ್ನು 21 ದಿನದೊಳಗೆ ತಿಳಿಸಬೇಕು, ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆ ಹೊಣೆ ಆಸ್ಪತ್ರೆಯದು. ಹೆಸರನ್ನು ಮಾತ್ರ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ತುಂಬಿ ಸೇರಿಸಬಹುದು. ಅವಸರದಲ್ಲಿ ಬರೆಸಿ ಆಮೇಲೆ ಅಕ್ಷರ ತಿದ್ದಿಸಲು ಅಲೆಯುವುದಕ್ಕಿಂತ, ಮನೆಯವರೆಲ್ಲ ಒಪ್ಪಿದ ಮೇಲೆ ಬರೆಸುವುದು ಲೇಸು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಈ ಒಂದು ಪತ್ರವೇ ಆಧಾರವಾದ್ದರಿಂದ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಆ ಮನೆಯವರು ಕಾಗದಕ್ಕೆ ಒಂದು, ತೊಟ್ಟಿಲಿಗೆ ಒಂದು ಎಂದು ಎರಡು ಹೆಸರು ಗೊತ್ತು ಮಾಡಿದರು. ತೊಟ್ಟಿಲ ಹೆಸರು ಅಳಿಯನ ತಾಯಿಯದು. ಅದನ್ನು ಸೂಚಿಸಿದವಳು ಅಜ್ಜಿ.

ನಲವತ್ತೈದನೆಯ ದಿನ ಅಜ್ಜಿ ಹೊರಟಳು. ಬಂದಾಗ ಮೂರಿದ್ದ ಗಂಟು ಈಗ ಒಂದಾಗಿತ್ತು; ಅದರಲ್ಲಿ ಎದುರು ಮನೆಯಾಕೆ ಕೊಟ್ಟ ಸೊಲ್ಲಾಪುರದ ಚಾದರ, ಮುತ್ಯಾನಿಗೆಂದು ಅಳಿಯ ತಂದ ಟಾರ್ಚು, ಬಳಕೆಯಾಗದೆ ಉಳಿದ ಸಾಣೆಕಲ್ಲು. ಅಂದು ಗುರುವಾರವಾದ್ದರಿಂದ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರಿಂದ ಬಸ್ಸು ತುಂಬಿತ್ತು. ಪುಣೆಯ ಕಡೆಯ ಒಬ್ಬ ಹುಡುಗ ಎದ್ದು ಜಾಗ ಕೊಟ್ಟು, "ಬಸಾ ಆಯಿ" ಎಂದ. ಅವನು ತಾಯಿ ಎಂದು ಕರೆದಿದ್ದ. ಆಕೆಗೆ ಅಜ್ಜಿ ಎಂದು ಕೇಳಿಸಿತು. ಎರಡರಲ್ಲಿ ಯಾವುದೂ ತಪ್ಪಾಗಿರಲಿಲ್ಲ.

ಈಗ ಸಂಜೆ ಏಳಕ್ಕೆ ಫೋನು ಸೊಲ್ಲಾಪುರದಿಂದ ಹಳ್ಳಿಗೆ ಹೋಗುತ್ತದೆ. ಮೊಮ್ಮಗನು ಫೋನನ್ನು ತೊಟ್ಟಿಲ ಬಳಿ ಹಿಡಿಯುತ್ತಾನೆ. ಅಜ್ಜಿ ಅಲ್ಲಿಂದ ಹಾಡುತ್ತಾಳೆ. ಮರೆತ ಕಡೆ ಮೊಮ್ಮಗ ನೆನಪಿಸುತ್ತಾನೆ. ಆಕೆ ಬೇಕೆಂದೇ ಮರೆಯುತ್ತಾಳೆಂಬುದು ಅವನಿಗಿನ್ನೂ ತಿಳಿದಿಲ್ಲ.